ಒಂದೇ ಕಿವಿಗೆ ಓಲೆಯಿದ್ದ ಗೊಂಬೆಯ ಬೆನ್ನು ಹತ್ತಿ

ಧಾರವಾಡದಲ್ಲಿ ಬೆಳಗಿನ ಆರೂವರೆಗೆ ನಿಪ್ಪಾಣಿಯ ಬಸ್ಸು ಹತ್ತಿದೆವು. ಗೌರಿ ಹುಣ್ಣಿಮೆಗೆ ಇನ್ನೂ ನಾಲ್ಕು ದಿನವಿತ್ತು, ಥಂಡಿ ಮಾತ್ರ ಆಗಲೇ ಬಂದು ಕೂತಿತ್ತು. ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟ. ನಮ್ಮವರಿಗೆ ಪೂರಾ ದರ, ಇನ್ನೂರಕ್ಕೆ ಸ್ವಲ್ಪ ಕಡಿಮೆ. "ಗೊಂಬಿ ಬೇಕಾದಾಕಿ ಪುಕ್ಕಟ ಹೊಂಟಾಳ, ಚೀಲಾ ಹೊರಾಂವ ರೊಕ್ಕಾ ಕೊಡಬೇಕು," ಎಂದು ಅವರು ಕಿಟಕಿಗೆ ಹೇಳಿದರು. ಚೀಲದಲ್ಲಿ ಎರಡು ಕಿಲೋ ಪ್ಲಾಸ್ಟರ್ ಪುಡಿ ಇತ್ತು. ಅದೇಕೆ ಎಂಬುದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಮೂವತ್ತಮೂರು ವರ್ಷ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತವಳು. ಯೂನಿವರ್ಸಿಟಿಗೆ ಓದಲು ಬಂದ ಪರದೇಶದ ಹುಡುಗಿಯೊಬ್ಬಳು ಊರಿಗೆ ಹೋಗುವಾಗ, ನಾನು ಆಕೆಯ ಪಾರ್ಸೆಲ್ಲುಗಳನ್ನು ಚೆನ್ನಾಗಿ ಹೊಲಿಸಿ ಕೊಟ್ಟಿದ್ದಕ್ಕೆ, ಘಾನಾದ ಒಂದು ಚಪ್ಪಟೆ ತಲೆಯ ಕಟ್ಟಿಗೆ ಗೊಂಬೆಯನ್ನು ಕೌಂಟರಿನ ಕಿಂಡಿಯೊಳಗಿಂದ ತೂರಿಸಿ ಹೋದಳು. ಅಲ್ಲಿಂದ ಹುಚ್ಚು ಹಿಡಿಯಿತು. ಪತ್ರ ಬರೆದು, ಅದಲು ಬದಲು ಮಾಡಿ, ಈಗ ನಮ್ಮ ಪಡಸಾಲೆಯ ಕಪಾಟಿನಲ್ಲಿ ಮೂವತ್ತೇಳು ದೇಶಗಳಿವೆ. ಒಂದರೊಳಗೊಂದು ಅಡಗುವ ರಷ್ಯಾದವರು, ಉಣ್ಣೆಯ ಟೊಪ್ಪಿಗೆಯ ಪೆರುವಿನ ಮುದುಕಿ, ಬೆಂಕಿಕಡ್ಡಿಯಷ್ಟೇ ಉದ್ದದ ಗ್ವಾಟೆಮಾಲಾದ ಆರು ಜನ. ಇವರೆಲ್ಲರಿಗೂ ವಾರಕ್ಕೊಮ್ಮೆ ಧೂಳು ಹೊಡೆಯುವವರು ನಮ್ಮವರು. ಬಾಯಲ್ಲಿ ಏನೇ ಅಂದರೂ, ಪೆರುವಿನ ಮುದುಕಿಯನ್ನು ಕಂಡರೆ ಅವರಿಗೆ ಬಲು ಪ್ರೀತಿ.

ಜಪಾನಿನ ಮಿಚಿಕೊ ನನ್ನ ಹಾಗೆಯೇ ಗೊಂಬೆ ಕೂಡಿಸುವ ನಿವೃತ್ತ ಶಿಕ್ಷಕಿ, ನನಗಿಂತ ಹಿರಿಯಳು. ಎರಡು ವರ್ಷದ ಕೆಳಗೆ ಆಕೆಗೆ ಚನ್ನಪಟ್ಟಣದ ಗೊಂಬೆ ಕಳಿಸಿ, "ನಮ್ಮ ಕಡೆಯದು" ಎಂದು ಬರೆದಿದ್ದೆ. ಆಕೆ ನಕಾಶೆ ಬಿಚ್ಚಿ ನೋಡಿದ್ದಾಳೆ. "ಇದು ನಿಮ್ಮ ರಾಜ್ಯದ ದಕ್ಷಿಣ ತುದಿಯದು, ನನ್ನ ಹತ್ತಿರ ಆಗಲೇ ಇದೆ. ನೀವು ಹುಟ್ಟಿದ ಊರಿನಲ್ಲಿ ನೀವು ಆಡಿದ ಗೊಂಬೆ ಯಾವುದು?" ಎಂದು ಬಹಳ ವಿನಯದಿಂದ ಕೇಳಿದಳು. ಈಗ ತನ್ನ ಗೊಂಬೆಗಳನ್ನೆಲ್ಲ ಊರಿನ ಮಕ್ಕಳ ಗ್ರಂಥಾಲಯಕ್ಕೆ ಕೊಡುತ್ತಿದ್ದಾಳೆ. ಗಾಜಿನ ಪೆಟ್ಟಿಗೆಯ ಫೋಟೋ ಕಳಿಸಿದಳು. ಸಾಲಿನಲ್ಲಿ ಒಂದು ಜಾಗ ಖಾಲಿ, ಅದರ ಕೆಳಗೆ ಚೀಟಿ ಆಗಲೇ ಅಂಟಿಸಿದೆ: ಅಂಕಲಿ, ಕರ್ನಾಟಕ. ಅದು ನಾನು ಹುಟ್ಟಿದ ಊರು. ಹೊಸ ವರ್ಷಕ್ಕೆ ಮಕ್ಕಳಿಗೆ ಬಾಗಿಲು ತೆರೆಯುತ್ತಾರಂತೆ. ಆ ಫೋಟೋ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಯಾಕೆಂದರೆ ಅಂಕಲಿಯ ಗೊಂಬೆ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಮತ್ತು ಅದನ್ನು ಕೈಯಾರೆ ಕಳೆದವಳು ನಾನೇ. ನಮ್ಮ ಅವ್ವನ ಹತ್ತಿರ ಸಾಗವಾನಿ ಕಟ್ಟಿಗೆಯ ಒಂದು ಅಚ್ಚು ಇತ್ತು, ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆ ಎರೆಯುವ ಅಚ್ಚು. ಟೊಂಕದ ಮೇಲೆ ಕೂಸು, ತಲೆಯ ಮೇಲೆ ಕೊಡ ಹೊತ್ತ ಹೆಣ್ಣುಮಗಳು. ಕೆತ್ತಿದವನು ಒಂದು ಕಿವಿಗೆ ಓಲೆ ಇಟ್ಟು ಇನ್ನೊಂದು ಕಿವಿಗೆ ಮರೆತಿದ್ದ. ಗಂಡಿನ ಮನೆಯಿಂದ ನಿಶ್ಚಯವಾದ ಹೆಣ್ಣಿಗೆ ಹುಣ್ಣಿಮೆಗೆ ಸಕ್ಕರೆ ಗೊಂಬೆ ಕಳಿಸುವ ಪದ್ಧತಿ ನಮ್ಮಲ್ಲಿ, ಹಾಗಾಗಿ ಮಗನ ಲಗ್ನ ಗಟ್ಟಿಯಾದವರೆಲ್ಲ ಅಚ್ಚು ಕೇಳಿಕೊಂಡು ಬರುತ್ತಿದ್ದರು. ಅವ್ವನದು ಒಂದೇ ಕರಾರು: ಮೊದಲು ಎರೆದ ಗೊಂಬೆ ಅಚ್ಚಿನ ಮನೆಯ ಪಾಲು. ಆ ಪಾಲಿನ ಗೊಂಬೆಗಳನ್ನು ನಾನು ಗೋಡೆಯ ಗೂಡಿನಲ್ಲಿ ಸಾಲಾಗಿ ನಿಲ್ಲಿಸಿ, ಇರುವೆ ಕಾಯುತ್ತ ಕೂರುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ಪಕ್ಕದ ಮನೆಯ ಗಂಗವ್ವ ಕಾಕಿ ಅಚ್ಚನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, "ಒಯ್ಯವಾ, ನಿಮ್ಮವ್ವಂದು," ಅಂದಳು. ಆಗ ನನ್ನ ತಲೆಯಲ್ಲಿ ಮೆಕ್ಸಿಕೊ ಓಡಾಡುತ್ತಿತ್ತು. "ನನಗ್ಯಾಕ ಕಾಕಿ, ನೀನ ಇಟ್ಕೊ," ಎಂದುಬಿಟ್ಟೆ. ಅದಾಗಿ ಇಪ್ಪತ್ತೆರಡು ವರ್ಷ. ಗಂಗವ್ವ ಕಾಕಿಯೂ ಈಗಿಲ್ಲ.

ಹಾಗಾಗಿ ಪ್ಲಾಸ್ಟರ್ ಪುಡಿ. ಅಚ್ಚು ಸಿಕ್ಕರೆ ಸಕ್ಕರೆಯ ಬದಲು ಪ್ಲಾಸ್ಟರ್ ಎರೆದು, ಕರಗದ, ಇರುವೆ ಮುತ್ತದ ಗೊಂಬೆ ಮಾಡಿ ಜಪಾನಿಗೆ ಕಳಿಸುವುದು, ಅಚ್ಚನ್ನು ನಮ್ಮ ಕಪಾಟಿಗೆ ತರುವುದು. ಯೋಚನೆ ಬಹಳ ಚೆನ್ನಾಗಿದೆ ಎಂದು ನನಗೆ ನಾನೇ ಶಾಭಾಸ್ ಹೇಳಿಕೊಂಡಿದ್ದೆ.

ನಿಪ್ಪಾಣಿ ಮುಟ್ಟಿದಾಗ ಹತ್ತು ಗಂಟೆ. ಬಸ್ಸಿನಿಂದ ಇಳಿದ ಕೂಡಲೇ ತಂಬಾಕಿನ ಘಾಟಿಗೆ ನಮ್ಮವರು ಏಳು ಸಲ ಸೀನಿದರು. ಗಂಗವ್ವ ಕಾಕಿಯ ಮಗಳು ಸುಮಿತ್ರಾ ಇಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನನ್ನನ್ನು ಕಂಡು ಮಶೀನಿನಿಂದ ಎದ್ದು ಬಂದು, ಕೈಗೆ ಅಂಟಿದ ದಾರ ಸಮೇತ ಅಪ್ಪಿಕೊಂಡಳು. ವಿಷಯ ಹೇಳಿದೆ.

"ಅಯ್ಯ ಅಕ್ಕಾ, ಅದು ನಮ್ಮವ್ವ ಇದ್ದಾಗನ ಹೋತು," ಎಂದಳು. "ನಮ್ಮಣ್ಣನ ಲಗ್ನಕ್ಕ ಗೊಂಬಿ ಮಾಡಿ ರಾಯಬಾಗಕ್ಕ ಬೀಗರ ಮನಿಗೆ ಕಳಿಸಿದ್ವಿ. ಮರುವರ್ಷ ಅವರ ಮಗನ ಲಗ್ನ ಗಟ್ಟಿ ಆತು. ಅಚ್ಚು ಬೇಕಂತ ಬಂದು ಒಯ್ದರು. ಲಗ್ನದ ಮನಿಗೆ ಇಲ್ಲ ಅನ್ನಾಕ ಬರತೈತೇನು?"

ಬರುವುದಿಲ್ಲ, ನಿಜ. ಗೊಂಬೆ ಮೊದಲು ಹೋಗುತ್ತದೆ, ಅಚ್ಚು ಅದರ ಹಿಂದೆ. ಸುಮಿತ್ರಾ ರೊಟ್ಟಿ, ಝುಣಕ, ಖರ್ಡ್ಯಾ ಹಾಕಿ ಉಣ್ಣಿಸಿದಳು. ಹಸಿಮೆಣಸಿನಕಾಯಿಯ ಆ ಖರ್ಡ್ಯಾ ತಿಂದು ನಮ್ಮವರ ಸೀನು ನಿಂತಿತು, ಬಿಕ್ಕಳಿಕೆ ಶುರುವಾಯಿತು.

ಮಧ್ಯಾಹ್ನದ ಬಸ್ಸಿಗೆ ಚಿಕ್ಕೋಡಿ, ಒಂದು ತಾಸಿನ ದಾರಿ. ಕಬ್ಬು ಕಡಿಯುವ ಹಂಗಾಮು, ರಸ್ತೆಯ ತುಂಬ ಟ್ರ್ಯಾಕ್ಟರು. ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಹೋಗುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ ಬಸ್ಸು ಎಂಬುದು ಹೆಸರಿಗೆ ಮಾತ್ರ. ಚಿಕ್ಕೋಡಿಯ ಪೇಟೆಯಲ್ಲಿ ಹುಣ್ಣಿಮೆಯ ಸಂತೆ ನೆರೆದಿತ್ತು. ತಳ್ಳುಗಾಡಿಗಳ ಮೇಲೆ ಸಕ್ಕರೆಯ ಆನೆ, ಕುದುರೆ, ನವಿಲು, ಬಸವಣ್ಣ. ಬಿಳಿ, ಹಳದಿ, ಕೆಂಪು. ಎಲ್ಲವೂ ಹೊಸ ಅಚ್ಚಿನವು, ಒಂದರ ಮುಖದಂತೆ ಇನ್ನೊಂದು. ನಮ್ಮವರು ನಿಂತೇಬಿಟ್ಟರು.

"ಇಲ್ಲೇ ಎರಡು ಆರಿಸಿಕೊ. ಮಿಚಿಕೊ ಬಾಯಿಗೆ ಏನು ತಿಳೀತದ?"

"ಚನ್ನಪಟ್ಟಣದ್ದು ತಿಳೀಲಿಲ್ಲೇನು?" ಎಂದೆ. ಅವರು ಒಂದು ಆನೆ ಕೊಂಡು, ಅದರ ಸೊಂಡಿಲು ಮುರಿದು ಬಾಯಿಗೆ ಹಾಕಿಕೊಂಡರು. ಖರೆ ಹೇಳಬೇಕೆಂದರೆ ನನಗೂ ಅಲ್ಲಿ ಮನಸ್ಸು ಅಲ್ಲಾಡಿತ್ತು. ಅಲ್ಲೇ ಒಂದು ಲಾಡ್ಜಿನಲ್ಲಿ ಉಳಿದೆವು. ಬಿಸಿನೀರು ಬೆಳಿಗ್ಗೆ ಒಂದೇ ತಾಸು ಬರುತ್ತದೆ ಎಂದು ಬೋರ್ಡಿತ್ತು, ಬಂದದ್ದು ಹತ್ತು ನಿಮಿಷ.

ಎರಡನೆಯ ದಿನ ಅಂಕಲಿಯ ಮೇಲೆ ಹಾದು ರಾಯಬಾಗಕ್ಕೆ ಹೋದೆವು. ಅಂಕಲಿಯಲ್ಲಿ ಇಳಿದು ಒಂದು ಚಹಾ ಕುಡಿಯುವಷ್ಟು ಹೊತ್ತು ನಿಂತೆ. ನಾನು ಓದಿದ ಶಾಲೆಗೆ ಹೊಸ ಬಣ್ಣ ಬಂದಿತ್ತು, ಗೇಟಿನ ಬೇವಿನ ಮರ ಅದೇ. ಚಹಾದಂಗಡಿಯವನಿಗೆ, "ಇಲ್ಲಿ ಗೊಂಬೆ ಏನಾದರೂ ಮಾಡತಾರೇನಪಾ?" ಎಂದು ಸುಮ್ಮನೆ ಕೇಳಿದೆ. "ಗೊಂಬಿ ಬೇಕಂದ್ರ ಮಿರಜಕ್ಕ ಹೋಗ್ರಿ ಬಾಯಾರ, ಕೀಲಿ ಕೊಟ್ರ ಕುಣಿತಾವು," ಎಂದ.

ರಾಯಬಾಗದಲ್ಲಿ ಬೀಗರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮನೆಯ ಯಜಮಾನ ಭೀಮಪ್ಪಜ್ಜನಿಗೆ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ದನಿ ಮಾತ್ರ ಊರಿಗೆಲ್ಲ ಕೇಳುತ್ತದೆ. ನಾನು ಅಚ್ಚಿನ ಮಾತು ತೆಗೆದು, ಒಂದು ಕಿವಿ ಮುಟ್ಟಿ ತೋರಿಸಿದ್ದೇ ತಡ, ಅಜ್ಜ ತೊಡೆ ತಟ್ಟಿ ನಕ್ಕ.

"ಒಂದ ಓಲಿಯಾಕಿ! ಅಕಿ ನಮ್ಮ ಮನ್ಯಾಗ ಆರು ವರ್ಷ ಇದ್ಲವಾ. ಮೂರು ಮಂದಿ ಸೊಸ್ತ್ಯಾರ ಬಂದ್ರು ಅಕಿ ಕೈಲೆ. ಸಣ್ಣಾಕಿ ಅಥಣ್ಯಾಕಿ. ಅಕಿ ತಮ್ಮನ ಲಗ್ನಕ್ಕ ಅಚ್ಚು ಅಥಣಿಗೆ ಹೋತು. ನೀ ಯಾರವಾ?"

ಅಂಕಲಿಯ ಇಂಥವರ ಮಗಳು ಎಂದೆ. ಅಜ್ಜ ನಗು ನಿಲ್ಲಿಸಿ ನನ್ನನ್ನೇ ಒಂದು ಗಳಿಗೆ ನೋಡಿದ. "ಅಚ್ಚಿನ ಮನ್ಯಾಕಿ ಬಂದಾಳ, ಬೆಲ್ಲಾ ನೀರು ತರ್ರಿ," ಎಂದು ಒಳಗೆ ಕೂಗಿದ. ಬೆಲ್ಲ, ನೀರು, ಅದರ ಹಿಂದೆ ಚಹಾ, ಅದರ ಹಿಂದೆ ಅವಲಕ್ಕಿ. ಏಳುವಾಗ ಕುಂಕುಮ, ಕುಪ್ಪಸದ ಕಣ. ನಾನು ಏನೂ ಕೊಡದೆ ಇಷ್ಟೆಲ್ಲ ಪಡೆದದ್ದು ಯಾಕೆಂದು ಆಗ ಪೂರ್ತಿ ಅರ್ಥವಾಗಲಿಲ್ಲ.

ಅಥಣಿಗೆ ಬಂದಾಗ ಬಿಸಿಲು ಇಳಿದಿತ್ತು. ಅಜ್ಜನ ಬೀಗರದು ಪೇಟೆಯಲ್ಲಿ ಚಪ್ಪಲಿ ಅಂಗಡಿ. ಕೊಲ್ಲಾಪುರಿ ಎಂದು ಜಗತ್ತೆಲ್ಲ ಹಾಕಿಕೊಳ್ಳುವ ಚಪ್ಪಲಿಯಲ್ಲಿ ಬಹಳಷ್ಟು ಇಲ್ಲಿಯದೇ. ಅಂಗಡಿಯ ಗಲ್ಲಾದ ಮೇಲೆ ಕೂತಿದ್ದ, ಅಜ್ಜನ ಸಣ್ಣ ಸೊಸೆಯ ತಾಯಿ ಕಸ್ತೂರಿ ಬಾಯಿಗೆ ಅಚ್ಚಿನ ಮಾತು ಹೇಳಿದರೆ, ಆಕೆ ಮೊದಲು ಕೇಳಿದ್ದು, "ಯಾವ ವರ್ಷ ನೋಡಿದ್ರಿ?" ಎಂದು. ಆಮೇಲೆ ಲೆಕ್ಕ ಬಿಚ್ಚಿದಳು. ಮಗನ ಲಗ್ನ, ಅಕ್ಕನ ಮಗನ ಲಗ್ನ, ಓಣಿಯಲ್ಲಿ ಇಬ್ಬರದು. ಆ ಮೇಲೆ ಮಗಳ ಮೈದುನನಿಗೆ ಹೆಣ್ಣು ಗೊತ್ತಾಗಿ, ಅಚ್ಚು ಕಾಗವಾಡಕ್ಕೆ ಹೋಗಿದೆ.

"ಈಗ ಅಲ್ಲೇ ಐತ್ರಿ, ನಮ್ಮ ಬೀಗತಿ ತಾರಾಬಾಯಿ ಕಡೆ. ನಾಳೆ ಲಗೂನ ಹೋಗ್ರಿ, ನಾಳೆ ಅವರು ಗೊಂಬಿ ಎರಿಯಾಕ ಕುಂದರತಾರ."

ನಮ್ಮವರು ಅಷ್ಟರಲ್ಲಿ ಒಂದು ಜೋಡಿ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ನಡೆದು, ಅದು ಕರ್ ಕರ್ ಅನ್ನುವುದನ್ನು ಕೇಳಿ ಖುಷಿಪಟ್ಟು, ಕೊಂಡೂ ಆಗಿತ್ತು. ಮರುದಿನ ಪೂರಾ ದಿನ ಆ ಕರ್ ಕರ್ ನನ್ನ ಹಿಂದೆ ಬಂತು.

ಮೂರನೆಯ ದಿನ ಬೆಳಿಗ್ಗೆ ಅಥಣಿಯಿಂದ ಹೊರಟೆವು. ಉಗಾರದ ಕಡೆಯಿಂದ ಕಾರ್ಖಾನೆಯ ಸಿಹಿ ಹೊಗೆಯ ವಾಸನೆ ಬಸ್ಸಿನೊಳಗೂ ಬಂತು. ಹೊಲದ ಅಂಚಿನಲ್ಲಿ ಕಬ್ಬು ಕಡಿಯುವವರ ಗುಡಿಸಲುಗಳು, ದ್ರಾಕ್ಷಿಯ ತೋಟಗಳು, ಅಂಗಡಿಗಳ ಮೇಲೆ ಕನ್ನಡ ಒಂದು ಸಾಲು, ಮರಾಠಿ ಒಂದು ಸಾಲು. ಕಾಗವಾಡದಲ್ಲಿ ಇಳಿದು ತಾರಾಬಾಯಿಯ ಮನೆ ಕೇಳಿದರೆ, "ಗೊಂಬಿ ಮನಿಯೇನು?" ಎಂದು ತಿರುಗಿ ಕೇಳಿ ದಾರಿ ತೋರಿಸಿದರು.

ಅಂಗಳದಲ್ಲಿ ಒಲೆ ಹೂಡಿತ್ತು. ಐದಾರು ಜನ ಹೆಂಗಸರು, ಪಕ್ಕಕ್ಕೆ ಸ್ಟೀಲಿನ ಬಕೆಟ್ಟು. ಅಚ್ಚುಗಳನ್ನು ಹಿಂದಿನ ದಿನವೇ ನೀರಿಗೆ ಹಾಕುತ್ತಾರೆ, ಇಲ್ಲದಿದ್ದರೆ ಪಾಕ ಕಚ್ಚಿಕೊಳ್ಳುತ್ತದೆ. ತಾರಾಬಾಯಿ ಐವತ್ತರ ಆಸುಪಾಸಿನ, ಕಬ್ಬಿನ ಹೊಲಕ್ಕೂ ದ್ರಾಕ್ಷಿಯ ಬಳ್ಳಿಗೂ ತಾನೇ ಓಡಾಡುವ ಗಟ್ಟಿ ಹೆಣ್ಣುಮಗಳು. ಮೂಲೆಯ ಮಂಚದ ಮೇಲೆ ಕೂತ ಅತ್ತೆ, "ಯಾ, ಬಸಾ," ಎಂದು ಮರಾಠಿಯಲ್ಲಿ ಕರೆದಳು. ನಾನು ಕೂರಲಿಲ್ಲ. ಬಕೆಟ್ಟಿನೊಳಗೆ ಕಣ್ಣು ಹೋಗಿತ್ತು. ಕೈ ಹಾಕಿ ತೆಗೆದೆ. ಎರಡು ಹೋಳು, ಎಣ್ಣೆ ಕುಡಿದು ಕಪ್ಪಾದ ಸಾಗವಾನಿ. ಕೊಡ, ಕೂಸು, ಒಂದು ಕಿವಿಗೆ ಓಲೆಯ ಗುಳಿ, ಇನ್ನೊಂದು ಕಿವಿ ಬರಿ. ನಾನು ಯಾರ ಮನೆ, ಯಾವ ಅಂಗಳ ಎಂಬುದನ್ನು ಮರೆತು ಅತ್ತುಬಿಟ್ಟೆ.

ನಮ್ಮವರು ಎಲ್ಲರಿಗೂ ವಿಷಯ ಹೇಳಿದರು. ತಾರಾಬಾಯಿ ಸೆರಗಿಗೆ ಕೈ ಒರೆಸಿಕೊಂಡು ನನ್ನ ಪಕ್ಕ ಕೂತಳು. "ಹಂಗಾರ ಅಂಕಲಿ ಅವ್ವಾರ ಮಗಳು ನೀವೇನ್ರಿ? ನಿಮ್ಮ ಪಾಲು ನಾವ್ಯಾರೂ ತಿಂದಿಲ್ರಿ," ಎಂದಳು.

ಯಾವ ಪಾಲು ಎಂದೆ.

"ಮೊದಲನೇ ಗೊಂಬಿ. ಅಚ್ಚಿನ ಜೋಡಿ ಆ ಮಾತೂ ಬಂದೈತಿ. ಅಚ್ಚಿನ ಮನ್ಯಾರು ಎಲ್ಲಿದಾರೋ ಗೊತ್ತಿಲ್ಲ, ಪಾಲು ಇಟ್ಕೊಂಡು ಏನ್ ಮಾಡೋದು? ಅದಕ್ಕ ಹುಣ್ಣಿಮಿ ದಿನ ಆರತಿ ಹಿಡಕೊಂಡು ಮೊದಲ ನಮ್ಮ ಬಾಗಲಕ್ಕ ಯಾವ ಹುಡುಗಿ ಬರತೈತೋ ಅದರ ಕೈಯಾಗ ಕೊಡತೀವ್ರಿ. ರಾಯಬಾಗದಾಗೂ ಹಂಗ ಕೊಡತಿದ್ರಂತ, ಅಥಣ್ಯಾಗೂ. ಅದಕ್ಕ ಇಲ್ಲಿ ಈ ಗೊಂಬಿಗೆ ಅಂಕಲಿ ಅವ್ವ ಅಂತಾರ."

ಮೂವತ್ತೇಳು ದೇಶ ಹುಡುಕಿದ ನನಗೆ ಇದು ಗೊತ್ತಿರಲಿಲ್ಲ. ನಾನು ಬೇಡವೆಂದ ಅಚ್ಚನ್ನು, ಅವ್ವನ ಮುಖ ನೋಡದ ಜನ, ಅವ್ವನ ಊರಿನ ಹೆಸರಿಟ್ಟು, ಆಕೆಯ ಕರಾರನ್ನು ವರ್ಷ ವರ್ಷ ನಡೆಸಿಕೊಂಡು ಬಂದಿದ್ದರು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಇಷ್ಟಾದರೂ ನನ್ನ ಚೀಲದ ಬುದ್ಧಿ ಹೋಗಿರಲಿಲ್ಲ. ಜಪಾನಿನ ಖಾಲಿ ಜಾಗದ ಫೋಟೋ ತೋರಿಸಿ, ಪ್ಲಾಸ್ಟರ್ ಪುಡಿಯ ಪೊಟ್ಟಣ ಹೊರಗೆ ತೆಗೆದು, ಒಂದೇ ಒಂದು ಗೊಂಬೆ ಇದರಿಂದ ಎರೆದುಕೊಳ್ಳುತ್ತೇನೆ ಎಂದೆ. ತಾರಾಬಾಯಿ ಪುಡಿಯನ್ನು ಬೆರಳಿಗೆ ಹಚ್ಚಿ ನೋಡಿದಳು.

"ಇದರಾಗ ಸಕ್ಕರಿ ಒಂದ ಬೀಳಬೇಕ್ರಿ ಅಕ್ಕಾರ. ಈ ಪುಡಿ ಬಿತ್ತಂದ್ರ ಮುಂದ ಇದರಾಗಿನ ಗೊಂಬಿ ಯಾರ ಬಾಯಾಗ ಇಡಾಕ ಬರತೈತಿ? ಈ ಸಲ ಮೂರು ಮನ್ಯಾಗ ಲಗ್ನ ಗಟ್ಟಿ ಆಗ್ಯಾವು, ಅವರೂ ಇಲ್ಲೇ ಕುಂತಾರ ನೋಡ್ರಿ. ಆದ್ರ ಸಾಮಾನು ನಿಮ್ಮದು. ಒಯ್ತೀನಿ ಅಂದ್ರ ಒಯ್ಯಿರಿ. ನಾ ಬ್ಯಾಡ ಅನ್ನಾಕ ಬರಂಗಿಲ್ಲ."

ಸಿಟ್ಟಿನಿಂದ ಅಂದಿದ್ದರೆ ಒಯ್ಯುವುದು ಸುಲಭವಾಗುತ್ತಿತ್ತು. ಆಕೆ ನಿಜವಾಗಿಯೂ ಅಚ್ಚನ್ನು ಒರೆಸಿ ನನ್ನ ಮಡಿಲಲ್ಲಿ ಇಟ್ಟಳು. ಮೂರು ಮನೆಯ ಹೆಂಗಸರು ಬೇರೆ ಕಡೆ ನೋಡುತ್ತ ಕೂತರು. ಒಂದು ಕಡೆ ಮಿಚಿಕೊಳ ಚೀಟಿ, ಇನ್ನೊಂದು ಕಡೆ ಇವರು. ನಾನು ನಮ್ಮವರ ಮುಖ ನೋಡಿದೆ. ಅವರು ಪೊಟ್ಟಣ ಎತ್ತಿ, ಬಾಯಿ ಕಟ್ಟಿ, ಚೀಲಕ್ಕೆ ಹಾಕಿದರು. "ಬರುವಾಗ ನಾನ ಹೊತ್ತೀನಿ, ಹೋಗುವಾಗೂ ಹೊರತೀನಿ, ತ್ರಾಸೇನಿಲ್ಲ," ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಆಡಿದ ಒಳ್ಳೆಯ ಮಾತುಗಳಲ್ಲಿ ಅದೊಂದು.

ಅಚ್ಚನ್ನು ತಿರುಗಿ ನೀರಿಗೆ ಬಿಟ್ಟೆ. "ಹಂಗಾದ್ರ ಎರಿಯೋದಾದ್ರೂ ಕಲಿಸ್ರಿ," ಎಂದೆ.

ಸಕ್ಕರೆಗೆ ನೀರು ಹಾಕಿ ಕುದಿಸಿ, ಚಮಚೆ ಹಾಲು ಬಿಟ್ಟು ಕೊಳೆ ತೆಗೆದು, ಹದ ಬಂದ ಮೇಲೆ ಇಳಿಸಿ, ಅಂಚಿನಲ್ಲಿ ಬೆಳ್ಳಗಾಗುವವರೆಗೆ ತಿರುವಬೇಕು. ಎರಡು ಹೋಳನ್ನು ದಾರದಿಂದ ಬಿಗಿದು ತಲೆಕೆಳಗೆ ನಿಲ್ಲಿಸಿ, ಪಾಕ ಬಿಡುವಾಗ ಕೈ ತಡೆಯಬಾರದು. ನಾನು ತಡೆದೆ. ಬಿಚ್ಚಿದಾಗ ಅಂಕಲಿ ಅವ್ವನ ಮೈ ಹೊರಗೆ, ತಲೆ ಮತ್ತು ಕೊಡ ಅಚ್ಚಿನೊಳಗೆ. ಮಂಚದ ಮೇಲಿನ ಅತ್ತೆ ಬೊಚ್ಚು ಬಾಯಿ ತೆರೆದು ನಕ್ಕು, "ಪುನ್ಹಾ ಕರಾ," ಎಂದಳು. ಮತ್ತೆ ಮಾಡಿದೆ. ಎರಡನೆಯ ಸಲ ಪೂರಾ ಬಂತು, ಕೂಸು ಸಮೇತ, ಓಲೆ ಸಮೇತ. ಬೆಳ್ಳಗೆ, ಇನ್ನೂ ಬೆಚ್ಚಗಿತ್ತು. ತಾರಾಬಾಯಿ ಅದನ್ನು ವೀಳ್ಯದೆಲೆಯ ಮೇಲಿಟ್ಟು, ಕುಂಕುಮ ಹಚ್ಚಿ, "ನಿಮ್ಮ ಪಾಲು," ಎಂದು ನನ್ನ ಕೈಗೆ ಕೊಟ್ಟಳು.

"ಈ ಸಲ ಬಾಗಲಕ್ಕ ಬರೋ ಹುಡುಗಿಗೆ?" ಎಂದೆ.

"ಈ ಸಲ ಮೊದಲ ಬಂದ ಹುಡುಗಿ ನೀವ ಅಲ್ಲೇನ್ರಿ," ಎಂದಳು. ಅರವತ್ತೆರಡರ ಹುಡುಗಿ ಹಲ್ಲು ಬಿಟ್ಟಳು.

ಇನ್ನು ಉಳಿದದ್ದು ನನ್ನ ಕಸುಬು. ಸಕ್ಕರೆಗೆ ಪಸೆ ವೈರಿ, ಅಲುಗಾಟ ಇನ್ನೊಂದು ವೈರಿ. ಬಿಸ್ಕೀಟಿನ ತಗಡಿನ ಡಬ್ಬಿ ಕೇಳಿ ಪಡೆದೆ, ಗೊಂಬೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದೆ, ಸುತ್ತಲೂ ಚುರುಮುರಿ ತುಂಬಿಸಿದೆ. ಚುರುಮುರಿ ಪೆಟ್ಟು ತಿನ್ನುತ್ತದೆ, ಪಸೆಯನ್ನೂ ಕುಡಿಯುತ್ತದೆ. ಮೂವತ್ತಮೂರು ವರ್ಷದ ನೌಕರಿಯಲ್ಲಿ ಕಲಿತದ್ದು ಅಂಕಲಿ ಅವ್ವನಿಗೆ ಉಪಯೋಗಕ್ಕೆ ಬಂತು. ಅಂದು ಅಲ್ಲೇ ಉಳಿದೆವು, ಮೂರೂ ಮನೆಯ ಗೊಂಬೆ ಎರೆದು ಮುಗಿಯುವವರೆಗೆ ನನ್ನನ್ನು ಯಾರೂ ಏಳಗೊಡಲಿಲ್ಲ.

ನಾಲ್ಕನೆಯ ದಿನ ಮಿರಜಕ್ಕೆ ಹೋಗಿ ರೈಲು ಹಿಡಿದೆವು. ಗಡಿಯ ಆಚೆ ನನ್ನ ಸೊನ್ನೆ ಟಿಕೆಟ್ಟು ನಡೆಯುವುದಿಲ್ಲ. ನಾನು ಪರ್ಸು ತೆಗೆಯುವುದನ್ನು ನಮ್ಮವರು ಕಣ್ತುಂಬ ನೋಡಿದರು. ಕಾಗವಾಡದಿಂದ ಬಸ್ಸು ಹೊರಡುವಾಗ ತಾರಾಬಾಯಿ ರಸ್ತೆಯ ಆ ಬದಿಗೆ ನಿಂತಿದ್ದಳು, ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಅಚ್ಚು. ಹಾಗೆಯೇ ಅಚ್ಚು ಕೇಳಿದ್ದ ಇನ್ನೊಂದು ಮನೆಗೆ ಕೊಡಲು ಹೊರಟಿದ್ದಳು.

ಡಬ್ಬಿ ಜಪಾನಿಗೆ ಹೋಯಿತು. ಜೊತೆಗೆ ಪತ್ರ ಬರೆದೆ: ಇದು ಇಡುವ ಗೊಂಬೆಯಲ್ಲ, ಕೆಲವು ದಿನ ನೋಡಿ, ಆಮೇಲೆ ಒಡೆದು ಹಂಚಿ ತಿನ್ನಬೇಕು, ನಮ್ಮಲ್ಲಿ ಪದ್ಧತಿ ಹಾಗೆ. ಪ್ಲಾಸ್ಟರ್ ಪುಡಿಯಿಂದ ನಮ್ಮವರು ಬಚ್ಚಲಮನೆಯ ತೂತು ಮುಚ್ಚಿದರು.

ಜನವರಿಯಲ್ಲಿ ಮಿಚಿಕೊಳ ಫೋಟೋ ಬಂತು. ಗಾಜಿನ ಪೆಟ್ಟಿಗೆ, ಅಂಕಲಿ ಎಂಬ ಚೀಟಿ, ಮೇಲಿನ ಜಾಗ ಖಾಲಿ. ಕೆಳಗೆ ಆಕೆ ಬರೆದಿದ್ದಳು: "ಕೂಸಿನ ಒಂದು ಕಾಲು ಮುರಿದಿತ್ತು, ಉಳಿದದ್ದು ಕ್ಷೇಮ. ಒಂದು ವಾರ ಇಟ್ಟೆವು. ನಿನ್ನೆ ನೀವು ಹೇಳಿದ ಹಾಗೆ ಒಡೆದು ಮಕ್ಕಳಿಗೆ ಹಂಚಿದೆ. ಓಲೆಯಿದ್ದ ಕಿವಿ ನನಗೆ ಬಂತು. ಚೀಟಿ ತೆಗೆದಿಲ್ಲ. ಮಕ್ಕಳು ಕೇಳುತ್ತಿದ್ದಾರೆ, ಮುಂದಿನ ಹುಣ್ಣಿಮೆ ಯಾವಾಗ?"

ತಾರಾಬಾಯಿಗೆ ಫೋನು ಹಚ್ಚಿ ಓದಿ ಹೇಳಿದೆ. "ಜಪಾನ್ ಬೀಗರದು ಒಂದು ಪಾಲು ಹೆಚ್ಚಿಗಿ ಇಡತೀನ್ರಿ," ಎಂದಳು.